ಪ್ರಶ್ನೆ ಟೀಚರ್

ಕಂಪ್ಯೂಟರ್ ಮೇಜು ಬಾಗಿಲ ಚೌಕಟ್ಟಿಗೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಟೀಚರ್ ಮಗಳು ಒಳಕೋಣೆಯಿಂದ ಎಳೆದಳು, ಸೋದರಮಾವ ನಡುಮನೆಯಿಂದ ನೂಕಿದ.

"ಮೆಲ್ಲಗೆ ಮಾವ, ಗೋಡೆ ತರಚುತ್ತೆ."

"ತರಚ್ಲಿ ಬಿಡು. ನಿಮ್ಮಮ್ಮನ್ನ ತಿಂದುಹಾಕಿದ್ದೇ ಈ ಮೇಜು. ಇವತ್ತಾದ್ರೂ ಅವಳಿಗೆ ಜಾಗ ಬಿಡ್ಲಿ."

ಆಸ್ಪತ್ರೆಯ ವ್ಯಾನು ಬರುವಷ್ಟರಲ್ಲಿ ನಡುಮನೆ ಖಾಲಿಯಾಗಿತ್ತು. ಟೀಚರ ದೇಹವನ್ನು ಕಿಟಕಿಯ ಕೆಳಗೆ ಮಲಗಿಸಿದರು. ವಿಜ್ಞಾನ ಸಂಸ್ಥೆಯ ನಿರ್ದೇಶಕರು ಬರುತ್ತಾರಂತೆ, ಎತ್ತುವ ಮುಂಚೆ ಸ್ವಲ್ಪ ಕಾಯಬೇಕಂತೆ ಎಂದು ಯಾರೋ ಹೇಳಿದರು.

"ಕಾಯೋದು ಅಮ್ಮನಿಗೇನು ಹೊಸದಲ್ಲ," ಎಂದಳು ಮಗಳು.

*

ಮಕ್ಕಳು ಕೇಳುವ ವಿಜ್ಞಾನದ ಪ್ರಶ್ನೆಗಳಿಗೆ ಬಲ್ಲವರಿಂದ ಉತ್ತರ ತರಿಸಿ ಅಂತರ್ಜಾಲದಲ್ಲಿ ಹಾಕುವ ತಾಣವನ್ನು ಟೀಚರ್ ಆ ಮೇಜಿನ ಮುಂದೆ ಕೂತೇ ಶುರುಮಾಡಿದ್ದರು. ಪ್ರಶ್ನೆ ಟೀಚರ್ ಎಂದೇ ಅವರಿಗೆ ಹೆಸರು ಬಿತ್ತು. ವಿಜ್ಞಾನಿಗಳ ಬೆನ್ನು ಬೀಳುವುದೇ ಅವರ ಕೆಲಸ. ಬಾಹ್ಯಾಕಾಶದಲ್ಲಿ ಅತ್ತರೆ ಕಣ್ಣೀರು ಎಲ್ಲಿಗೆ ಹೋಗುತ್ತದೆ ಎಂದು ಹುಡುಗಿಯೊಬ್ಬಳು ಕೇಳಿದಾಗ, ಖಗೋಳ ವಿಜ್ಞಾನಿಯೊಬ್ಬರು ಪುಟಗಟ್ಟಲೆ ಬರೆದು ಕಳಿಸಿದರು. ಟೀಚರ್ ಫೋನ್ ಮಾಡಿದರು.

"ಸಾರ್, ನಿಮ್ಮ ಉತ್ತರ ಓದಿ ನನಗೇ ಕಣ್ಣೀರು ಬಂತು. ಮಗುಗೆ ಅರ್ಥ ಆಗೋ ಹಾಗೆ ಹೇಳಿ."

ಅವರು ಮನಸಾರೆ ನಕ್ಕು ಮತ್ತೆ ಬರೆದರು: ಕಣ್ಣೀರು ಕೆಳಗೆ ಬೀಳುವುದಿಲ್ಲ ಪುಟ್ಟಿ, ಮುದ್ದೆಯಾಗಿ ಕಣ್ಣಿಗೇ ಅಂಟಿಕೊಂಡಿರುತ್ತದೆ, ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು.

ಆ ವಿಜ್ಞಾನಿಯೇ ಮುಂದೆ ತಮ್ಮ ಸಂಸ್ಥೆಯ ನಿರ್ದೇಶಕರಾದರು. ಅಷ್ಟರಲ್ಲಿ ತಾಣಕ್ಕೆ ಹೆಸರು ಬಂದಿತ್ತು. ಸಂಸ್ಥೆ ಅದನ್ನು ತನ್ನದಾಗಿಸಿಕೊಂಡಿತು. "ಸಾಕಷ್ಟು ದುಡಿದಿದ್ದೀರಿ, ಇನ್ನು ರೆಸ್ಟ್ ತಗೊಳ್ಳಿ," ಎಂದರು ನಿರ್ದೇಶಕರು. ಮಾರನೆಯ ದಿನ ಟೀಚರ್ ಪಾಸ್‌ವರ್ಡ್ ಒತ್ತಿದರೆ ತಾಣ ತೆರೆದುಕೊಳ್ಳಲಿಲ್ಲ.

*

ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೆ ಟೀಚರ್ ಶಾಲೆಯ ಹುಡುಗಿಯೊಬ್ಬಳು ಕೇಳಿದಂತೆ ಅದೇ ತಾಣಕ್ಕೊಂದು ಪ್ರಶ್ನೆ ಕಳಿಸಿದರು: ಚಂದ್ರನ ಮೇಲೆ ಚಪ್ಪಾಳೆ ತಟ್ಟಿದರೆ ಕೇಳಿಸುತ್ತದೆಯೇ? "ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ" ಎಂಬ ಯಂತ್ರದ ಮರುಮಾತು ತಕ್ಷಣ ಬಂತು. ಆಮೇಲೆ ಏನೂ ಬರಲಿಲ್ಲ.

"ಉತ್ತರ ನಿನಗೇ ಗೊತ್ತಲ್ಲಮ್ಮ," ಎನ್ನುತ್ತ ಮಗಳು ಫೋನ್ ಕಿತ್ತುಕೊಳ್ಳಲು ಹೋದಳು.

"ನನಗೆ ಗೊತ್ತು ಕಣೆ. ಕೇಳಿದ ಮಗುಗೆ ಯಾರಾದ್ರೂ ಹೇಳ್ತಾರಾ ಅಂತ ನೋಡ್ತಿದೀನಿ."

ಸೂಜಿ ಚುಚ್ಚಿದ ಕೈಯಲ್ಲೇ ಫೋನ್ ಹಿಡಿದು, ಕಣ್ಣು ಮಂಜಾಗುವ ತನಕ ನೋಡಿದರು.

*

ನಿರ್ದೇಶಕರು ಬಂದರು. ಜೊತೆಗೆ ಪ್ರಚಾರ ವಿಭಾಗದ ಅಧಿಕಾರಿ. ನಿರ್ದೇಶಕರು ಟೀಚರ್ ಎದೆಯ ಮೇಲೆ ದೊಡ್ಡ ಹಾರವಿಡುವಾಗ ಅಧಿಕಾರಿ ಫೋನಿನಲ್ಲಿ ಫೋಟೋ ತೆಗೆದ. ನಿರ್ದೇಶಕರು ಗಂಟಲು ಸರಿಮಾಡಿಕೊಂಡರು.

"ನಮ್ಮ ಯೋಜನೆಗೆ ಇವರು ತುಂಬಾ ಸಹಾಯ ಮಾಡಿದ್ರು."

"ನಿಮ್ಮ ಯೋಜನೆಗೆ." ಮಗಳ ದನಿ ಏರಲಿಲ್ಲ. "ಸಾರ್, ಈಗ ಮಕ್ಕಳಿಗೆ ಉತ್ತರ ಯಾರು ಬರೀತಾರೆ?"

"ಅದಕ್ಕೊಂದು ತಂಡ ಇದೆಯಮ್ಮ." ಅವರು ಅಧಿಕಾರಿಯತ್ತ ತಿರುಗಿದರು. "ಇದೆ ಅಲ್ವೇನ್ರೀ?"

ಅಧಿಕಾರಿ ಫೋನಿನಿಂದ ತಲೆ ಎತ್ತಿದ. "ಹೋದ ವರ್ಷವೇ ತೆಗೆದುಬಿಟ್ವಲ್ಲ ಸಾರ್. ನೀವೇ ಸಹಿ ಹಾಕಿದ್ರಿ."

ಇನ್ನು ಎತ್ತಿಕೊಂಡು ಹೊರಡೋಣವೆಂದು ಸೋದರಮಾವ ತಂಗಿಯ ತಲೆಯ ಕಡೆ ಬಾಗಿದ.

"ಒಂದ್ನಿಮಿಷ," ಅಧಿಕಾರಿ ಕೈ ಅಡ್ಡ ಹಿಡಿದ. "ಫೋಟೋ ಅಲ್ಲಾಡಿದೆ ಸಾರ್. ಇನ್ನೊಂದ್ಸಲ."

ನಿರ್ದೇಶಕರು ಟೀಚರ್ ಎದೆಯ ಮೇಲಿಂದ ಹಾರ ಎತ್ತಿಕೊಂಡು ಹಿಂದೆ ಸರಿದರು. ಮುಖ ಸಪ್ಪಗೆ ಮಾಡಿಕೊಂಡು, ಈಗಷ್ಟೇ ಬಂದವರಂತೆ ಮೆಲ್ಲಗೆ ಮುಂದೆ ಬಂದರು.