ಶಿವಗಂಗಮ್ಮನವರ ಸಹಿ

ನಮ್ಮ ಎಂ.ಪಿ. ಜಯದೇವಪ್ಪನವರ ಸಮಾಧಿಯ ಮಣ್ಣು ಆರುವ ಮೊದಲೇ ದಿಲ್ಲಿಯಿಂದ ಟ್ರಂಕ್ ಕಾಲ್ ಬಂತು. ಪಕ್ಷದ ಹಿರಿಯರು ಬಸವಾಪಟ್ಟಣಕ್ಕೆ ಹೋಗಿ, ಅವರ ಹೆಂಡತಿ ಶಿವಗಂಗಮ್ಮನವರಿಗೆ ಕೈಮುಗಿದು, ಉಪಚುನಾವಣೆಗೆ ನೀವೇ ನಿಲ್ಲಬೇಕು ಎಂದರು. ಇಪ್ಪತ್ತು ವರ್ಷ ಬಂದವರಿಗೆಲ್ಲ ಚಹಾ ಕಾಸಿ ಕೊಟ್ಟ ಹೆಂಗಸನ್ನು ಆ ಮನೆಯಲ್ಲಿ ಯಾರೂ ಒಂದು ಮಾತು ಕೇಳಿದ್ದಿಲ್ಲ. ಎರಡು ದಿನ ಯೋಚಿಸಿ ಒಪ್ಪಿದರು.

ನಾನು ಪಕ್ಷದ ಕಚೇರಿಯ ಟೈಪಿಸ್ಟ್. ಅಮ್ಮನವರಿಗೆ ಸಹಿ ಕಲಿಸುವ ಕೆಲಸ ನನ್ನ ತಲೆಗೆ ಬಿತ್ತು. ಅವರು ಸ್ಲೇಟು ಹಿಡಿದು ಕೂತರು. 'ಗಂ' ಬಂದಾಗಲೆಲ್ಲ ಕೈ ತಡವರಿಸುತ್ತಿತ್ತು. ಗೆದ್ದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ. ಅವರ ತವರು ಜಗಳೂರಿನ ಕಡೆಯ ಸೊಕ್ಕೆ. ಅಲ್ಲಿ ಹೆರಿಗೆ ನೋವು ತಿನ್ನುತ್ತ ಎತ್ತಿನ ಗಾಡಿಯಲ್ಲೇ ಸತ್ತ ತಂಗಿಯನ್ನು ನೆನೆದು, ಆ ಊರಿಗೊಂದು ಹೆರಿಗೆ ಆಸ್ಪತ್ರೆ ತರುತ್ತೇನೆ ಎಂದರು.

ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ನಾನು ಟೈಪು ಮಾಡಿದ್ದು ಎರಡು ನಾಮಪತ್ರ. ಅಮ್ಮನವರ ಅರ್ಜಿಯಲ್ಲಿ ತಪ್ಪು ಸಿಕ್ಕರೆ ಇರಲಿ ಎಂದು ಮೈದುನ ಮರುಳಪ್ಪ ಡಮ್ಮಿ ಅಭ್ಯರ್ಥಿ, ಇದು ಊರಿಗೆ ಹೇಳಿದ ಮಾತು. ನಿಜದಲ್ಲಿ ಡಮ್ಮಿ ಆಕೆಯೇ. ಗಂಡನನ್ನು ಕಳೆದುಕೊಂಡವಳ ಎದುರು ನಿಲ್ಲಲು ನಾಚಿ, ಎದುರು ಪಕ್ಷದ ಮಹೇಶ್ವರಪ್ಪನವರು ಹೆಸರಿಗೊಬ್ಬನನ್ನು ನಿಲ್ಲಿಸಿ ಸುಮ್ಮನಾದರು. ಸಲ್ಲಿಕೆಯ ಗಡುವು ಮುಗಿದ ಮೇಲೆ ಅವರು ಮತ್ತೆ ಕಣಕ್ಕಿಳಿಯುವಂತಿರಲಿಲ್ಲ, ನಮ್ಮವರು ಕಾದಿದ್ದೇ ಅದಕ್ಕೆ. ಮೂರೂ ಬಿಟ್ಟವರು ಊರಿಗೆ ದೊಡ್ಡವರು.

ನಾಮಪತ್ರ ವಾಪಸು ತೆಗೆಯುವ ಕೊನೆಯ ದಿನ ಮರುಳಪ್ಪ ಅತ್ತಿಗೆಯ ಮುಂದೆ ಕಾಗದ ಇಟ್ಟ.

"ದಿಲ್ಲಿ ನಿಮಗೆ ಒಗ್ಗಲ್ಲ ಅತ್ತಿಗೆಮ್ಮ. ಇಲ್ಲಿ ಸಹಿ ಹಾಕ್ರಿ."

ಹಿರಿಯರೆಲ್ಲ ಕಿಟಕಿಯಾಚೆ ನೋಡತೊಡಗಿದರು. ಅಮ್ಮನವರು ನನ್ನ ಕಡೆ ತಿರುಗಿದರು.

"ಪಾಪಣ್ಣ, ನೀನು ಸಹಿ ಕಲಿಸಿದ್ದು ಇದಕ್ಕೇನಪ್ಪಾ?"

ಹೌದು, ಇದಕ್ಕೇ. ಹೆಬ್ಬೆಟ್ಟಾದರೆ ಅಧಿಕಾರಿಯ ಎದುರೇ ಒತ್ತಿಸಬೇಕು, ಅಲ್ಲಿ ಆಕೆ ಬಾಯಿಬಿಟ್ಟರೆ ಕಷ್ಟ ಎಂದು ನನ್ನನ್ನು ಕಳಿಸಿದವನು ಮರುಳಪ್ಪನೇ. ನಾನು ತಲೆ ತಗ್ಗಿಸಿದೆ. ಮಕ್ಕಳಿಲ್ಲದ ಆಕೆ ಮೈದುನನ ಮನೆಯಲ್ಲೇ ಬಾಳಬೇಕಿತ್ತು. ಸಹಿ ಹಾಕಿದರು. 'ಗಂ' ಬಂದಾಗ ಕೈ ತಡವರಿಸಲಿಲ್ಲ.

ಮರುಳಪ್ಪ ಭಾರಿ ಅಂತರದಿಂದ ಗೆದ್ದ. ಚನ್ನಗಿರಿಯ ಅವನ ಕಚೇರಿಯಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಥೂ, ನನ್ನ ಜನ್ಮಕ್ಕೆ.

ಮೊನ್ನೆ ಅಂಚೆಯಲ್ಲಿ ಒಂದು ಅರ್ಜಿ ಬಂತು. ಸೊಕ್ಕೆಗೆ ಹೆರಿಗೆ ಆಸ್ಪತ್ರೆ ಬೇಕಂತೆ. ಯಾರ ಕೈಲೋ ಬರೆಸಿದ್ದು, ಆದರೆ ಕೆಳಗಿನ ಸಹಿ ನಾನೇ ತಿದ್ದಿಸಿದ್ದು. ಇದು ಆರನೆಯ ಅರ್ಜಿ. ಮರುಳಪ್ಪ ಓದದೆಯೇ ಫೈಲಿಗೆ ಹಾಕು ಎಂದ.

ಹಾಕಿದೆ.