ಹಿಂದಿನ ಕುರ್ಚಿಗೆ ಕೇಳಿಸಬೇಕು

ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳಿ ಸ್ವಾಮಿ. ಚಿಕ್ಕಪ್ಪನ ಸಂತಾಪ ಸಭೆಯಲ್ಲಿ, ತುಂಬಿದ ಜನರ ಮುಂದೆ, ದೊಡ್ಡಪ್ಪನ ಬಾಯಿಯನ್ನು ಒಂದೇ ಬೆರಳಲ್ಲಿ ಮುಚ್ಚಿಸಿದ ಗಂಡು ನಮ್ಮ ಡೈಲಾಗ್. ಮೈಕ್ ಕಟ್! ಕರೆಂಟ್ ಹೊಡೆದ ಕಾಗೆಯ ಹಾಗೆ ದೊಡ್ಡಪ್ಪ ಬಾಯಿ ತೆರೆದುಕೊಂಡೇ ನಿಂತ. ಡೈಲಾಗ್ ವೇದಿಕೆ ಹತ್ತಿ, "ದೊಡ್ಡಪ್ಪ, ಸತ್ತೋನಿಗೆ ದನಿ ಇರ್ಲಿಲ್ಲ. ನಂಗಿದೆ!" ಎಂದ. ಶಿಳ್ಳೆ ಬೀಳಲಿಲ್ಲ ನಿಜ. ಅದು ಥಿಯೇಟರ್ ಅಲ್ಲವಲ್ಲ.

ಸಿನಿಮಾ ಮಾತು ಬಿಟ್ಟು ಬೇರೆ ಮಾತಾಡದ್ದಕ್ಕೆ ಅವನಿಗೆ ಡೈಲಾಗ್ ಎಂದೇ ಹೆಸರು. ತಂದೆ ತಾಯಿ ಇಲ್ಲದ ಅವನನ್ನು ಸಾಕಿದ ಚಿಕ್ಕಪ್ಪ ಊರಿಗೆಲ್ಲ ಹಲೋಚೆಕ್. ಮದುವೆ, ಸಾವು, ಚುನಾವಣೆ, ಯಾವುದಿದ್ದರೂ ಮೈಕ್ ಸೆಟ್ ಅವನದೇ. ಜೀವಮಾನವಿಡೀ ವೇದಿಕೆಯ ಮೇಲೆ ಅವನಾಡಿದ್ದು ಎರಡೇ ಮಾತು: ಹಲೋ, ಚೆಕ್. ಆಮೇಲೆ ಕೊನೆಯ ಸಾಲಿನ ಕೊನೆಯ ಕುರ್ಚಿಗೆ ಹೋಗಿ ಕೂತು, ಸೌಂಡ್ ಸಾಲದಿದ್ದರೆ ತೋರುಬೆರಳು ಎತ್ತುತ್ತಿದ್ದ. ಮುಂದೆ ಕೂತ ಡೈಲಾಗ್ ಆಗ ಸೌಂಡಿನ ಗುಂಡಿ ತಿರುಗಿಸುತ್ತಿದ್ದ.

"ಚಿಕ್ಕಪ್ಪ, ಈ ಲೀಡರ್ ಬಿಡ್ತಿರೋ ರೈಲಿಗೆ ಹಳೀನೇ ಇಲ್ಲ. ಗುಂಡಿ ಇಳಿಸಿ ಇಂಟರ್ವೆಲ್ ಕೊಟ್ಬಿಡ್ಲಾ?" ಎಂದು ಒಮ್ಮೆ ಅವನು ಕೇಳಿದ್ದ.

"ಕೈ ಮುರಿದುಬಿಡ್ತೀನಿ ಮಗನೇ. ಮಾತು ಅವನ್ದು, ಸೌಂಡ್ ನಮ್ದು. ಸುಳ್ಳಾಗ್ಲಿ ನಿಜ ಆಗ್ಲಿ, ಹಿಂದಿನ ಕುರ್ಚಿಗೆ ಕೇಳಿಸ್ಬೇಕು."

ಅಂಥವನ ಗಂಟಲಿಗೇ ಗಡ್ಡೆ ಬಂತು. ಅವನು ಆಸ್ಪತ್ರೆ ಸೇರಿದ ವಾರವೇ ದೊಡ್ಡಪ್ಪ ಅವನ ಮೈಕ್ ಅಂಗಡಿಯ ಬೀಗ ಬದಲಾಯಿಸಿದ. ಜಾಗ ದೊಡ್ಡಪ್ಪನ ಹೆಸರಿನಲ್ಲಿತ್ತು. ಬಾಕ್ಸು, ವೈರು, ಸ್ಟ್ಯಾಂಡು ಎಲ್ಲ ಮೆಟ್ಟಿಲ ಕೆಳಗೆ ಬಿದ್ದವು.

"ಅವನಿನ್ನು ಎದ್ದು ಬರ್ತಾನೇನೋ? ಬಟ್ಟೆ ಅಂಗಡಿಯೋರು ಜಾಗ ಕೇಳ್ತಿದಾರೆ" ಎಂದ.

ಇದನ್ನು ಡೈಲಾಗ್ ಚಿಕ್ಕಪ್ಪನಿಗೆ ಹೇಳಲಿಲ್ಲ. ಆಪರೇಷನ್ ಆಗಿ ದನಿಯೇ ಹೋಗಿದ್ದ ಚಿಕ್ಕಪ್ಪ, ವಾರ್ಡಿನ ಬಾಗಿಲು ಕಿರ್ರೆಂದಾಗೆಲ್ಲ ತಲೆಯೆತ್ತಿ ನೋಡುತ್ತಿದ್ದ. ಮೈಕ್ ತಟ್ಟುವ ಹಾಗೆ ಮಂಚದ ಕಬ್ಬಿಣವನ್ನು ಟಕ್ ಟಕ್ ತಟ್ಟಿ, ಕಣ್ಣಲ್ಲೇ ಕೇಳುತ್ತಿದ್ದ: ಅಣ್ಣ ಬಂದನಾ?

"ದೊಡ್ಡ ಹೀರೋ ಅಲ್ವಾ ಚಿಕ್ಕಪ್ಪ, ಎಂಟ್ರಿ ಲೇಟು."

ಚಿಕ್ಕಪ್ಪ ಸದ್ದಿಲ್ಲದೆ ನಗುತ್ತಿದ್ದ. ಎಂಟ್ರಿ ಕೊನೆಗೂ ಆಗಲಿಲ್ಲ. ಪ್ರಾಣ ಹೋದಾಗ ಆ ಕೈ ಇದ್ದದ್ದು ಡೈಲಾಗ್‌ನ ಕೈಯೊಳಗೆ.

ಸಂತಾಪ ಸಭೆಗೆ ಮಾತ್ರ ದೊಡ್ಡಪ್ಪನದೇ ಓಡಾಟ. ಹಾಲ್ ಗೊತ್ತು ಮಾಡಿ, ತಮ್ಮನ ಫೋಟೋ ದೊಡ್ಡದು ಮಾಡಿಸಿ, ಡೈಲಾಗ್‌ಗೆ ಫೋನ್ ಮಾಡಿದ. "ಮೈಕ್ ನೀನೇ ಹಾಕ್ಬಿಡೋ. ಮನೇದೇ ಇದೆಯಲ್ಲ, ಹೊರಗಿನೋರು ಯಾಕೆ?"

ಮೆಟ್ಟಿಲ ಕೆಳಗಿನ ಧೂಳಿನಿಂದ ಬಾಕ್ಸುಗಳನ್ನು ಹೊತ್ತು ತರುವಾಗಲೇ ಡೈಲಾಗ್ ತೀರ್ಮಾನಿಸಿದ್ದ: ಇವತ್ತು ದೊಡ್ಡಪ್ಪ ಒಂದು ಸುಳ್ಳು ಹೇಳಲಿ, ಪಿಕ್ಚರ್ ಅಲ್ಲಿಗೇ ಖತಂ. ಚಿಕ್ಕಪ್ಪ ಹೇಗೆ ಸತ್ತನೆಂದು ಊರಿಗೆ ತಿಳಿಯಲೇಬೇಕು.

ದೊಡ್ಡಪ್ಪ ಮೈಕ್ ಹಿಡಿದ. "ನನ್ ತಮ್ಮ ನನ್ನ ತೊಡೆ ಮೇಲೇ ತಲೆ ಇಟ್ಟು ಹೋದ. ಅಣ್ಣಾ ಅಂತ ಕರೆದ. ಅದೇ ಅವನ ಕೊನೇ ಮಾತು."

ಡೈಲಾಗ್‌ನ ಬೆರಳು ಗುಂಡಿಯ ಮೇಲಿತ್ತು.

ಇಲ್ಲಿಯವರೆಗಿನದು ನಿಜ ಸ್ವಾಮಿ. ಮೈಕ್ ಕಟ್, ಕಾಗೆ, ವೇದಿಕೆ ಹತ್ತಿದ್ದು, ಇದೆಲ್ಲ ಆಮೇಲೆ ಗೆಳೆಯರ ಮುಂದೆ ಡೈಲಾಗ್ ಕಟ್ಟಿದ ಸಿನಿಮಾ. ಮೊದಲಲ್ಲೇ ಅದನ್ನು ನಿಮಗೆ ಓಡಿಸಿಬಿಟ್ಟೆ. ನಡೆದದ್ದು ಇಷ್ಟೇ. ದೊಡ್ಡಪ್ಪ ಕರವಸ್ತ್ರ ತೆಗೆದು, ಅಳು ಬಂದವನಂತೆ ದನಿ ಇಳಿಸಿದ. ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ, ಹಳೆಯ ಅಂಗಡಿಯೆದುರು ಟೀ ಮಾರುವ ಅಜ್ಜಿ ಕೂತಿದ್ದಳು. ಕೇಳಿಸುತ್ತಿಲ್ಲವೆಂದು ಕಿವಿಗೆ ಅಂಗೈ ಒಡ್ಡಿ, ಇನ್ನೊಂದು ಕೈಯ ತೋರುಬೆರಳು ಎತ್ತಿದಳು.

ಡೈಲಾಗ್‌ನ ಕೈ ಗುಂಡಿಯನ್ನು ತಿರುಗಿಸಿತು. ಮೇಲಕ್ಕೆ.

"ಅಣ್ಣಾ ಅಂದ ನನ್ ತಮ್ಮ, ಅಣ್ಣಾ ಅಂದ..."

ಒಂದಕ್ಷರ ಒಡೆಯದೆ ಅದು ಹಿಂದಿನ ಗೋಡೆಯವರೆಗೂ ಹೋಯಿತು. ಅಜ್ಜಿ ಕಣ್ಣೊರೆಸಿಕೊಂಡು, ಈಗ ಸರಿಯಾಯಿತು ಎಂಬಂತೆ ಅವನತ್ತ ತಲೆಯಾಡಿಸಿದಳು.