ಸಾನುಕಿಯ ಗಟ್ಟಿ ಎಳೆ

ಒಸಾಕಾದಲ್ಲಿ ನಮ್ಮದು ಉದೊನ್ ಅಂಗಡಿ. ಗೋಧಿ ಹಿಟ್ಟಿನ ಆ ದಪ್ಪ ಶ್ಯಾವಿಗೆಯನ್ನು ನಾವು ಮೆತ್ತಗಾಗುವವರೆಗೆ ಬೇಯಿಸುತ್ತೇವೆ. ಸಮುದ್ರದಾಚೆಯ ಸಾನುಕಿ ಸೀಮೆಯವರು ಗಟ್ಟಿಯಾಗಿ ಉಳಿಸುತ್ತಾರೆ. ಹೊರಗಿನವರಿಗೆ ಇದು ಸಣ್ಣ ವಿಷಯ. ನಮ್ಮ ಮನೆಯಲ್ಲಿ ಮಾತ್ರ ಇದರಿಂದಾಗಿ ಬೇಸಿಗೆಯಿಂದಲೂ ಅಪ್ಪ ಮತ್ತು ತಮ್ಮ ಸರಿಯಾಗಿ ಮಾತಾಡಿರಲಿಲ್ಲ. ತಮ್ಮ ತೆಪ್ಪೈಗೆ ಸಾನುಕಿಯಲ್ಲಿದ್ದು, ಅಲ್ಲಿ ಉದೊನ್ ಅಂಗಡಿ ನಡೆಸುವ ಮಾನೊ ಅಜ್ಜಿಯ ಬಳಿ ಕೆಲಸ ಕಲಿಯುವ ಹಟ. ತಂದೆಯೇ ಬಂದು ಒಪ್ಪಿಗೆ ಹೇಳದಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದಳು ಅಜ್ಜಿ. "ತಿಂದು ನೋಡಿ ಹೇಳ್ತೀನಿ" ಎಂದಿದ್ದರು ಅಪ್ಪ. ನವೆಂಬರಿನಲ್ಲಿ ಅಂಗಡಿಗೆ ರಜೆ ಹಾಕಿ ನಾವು ನಾಲ್ವರೂ ಸಮುದ್ರದ ಸೇತುವೆ ದಾಟಿದೆವು.

ಸಾನುಕಿಗೆ ಬಂದವರು ಒಂದೇ ಕಡೆ ತಿಂದು ಮನೆಗೆ ಹೋಗುವುದಿಲ್ಲ. ಬೆಳಿಗ್ಗೆಯಿಂದ ಎರಡು ಅಂಗಡಿ ಮುಗಿದಿದ್ದವು. ಒಂದರಲ್ಲಿ ತಣ್ಣನೆಯ ಎಳೆಗೆ ಬರೀ ಸೋಯಾ ಸಾಸ್, ತುರಿದ ಮೂಲಂಗಿ. ಇನ್ನೊಂದರಲ್ಲಿ ಬಿಸಿ ಎಳೆಗೆ ಒಡೆದು ಹಾಕಿದ ಹಸಿ ಮೊಟ್ಟೆ. ನಾನಂತೂ ಬಟ್ಟಲು ನೆಕ್ಕುವುದೊಂದು ಬಾಕಿ. ಅಪ್ಪ ಎರಡೂ ಕಡೆ "ಹ್ಞೂಂ" ಎಂದರು, ಅಷ್ಟೇ.

"ಇವರ ಬಾಯಿಂದ ಒಂದು ಒಳ್ಳೇ ಮಾತು ಬರೋ ಹೊತ್ತಿಗೆ ನನ್ನ ಹೊಟ್ಟೆ ಒಡೆದು ಹೋಗುತ್ತೆ" ಎಂದಳು ಅಮ್ಮ.

ಮಾನೊ ಅಜ್ಜಿಯ ಅಂಗಡಿ ಗದ್ದೆಗಳ ನಡುವಿನ ತಗಡಿನ ಶೆಡ್. ಬೋರ್ಡಿಲ್ಲ, ಹೊರಗೆ ಸಾಲು ಮಾತ್ರ ಇತ್ತು. ಅಲ್ಲಿ ಬೆಂದ ಶ್ಯಾವಿಗೆಯನ್ನು ಗಿರಾಕಿಯೇ ಜಾಲರಿಗೆ ಹಾಕಿ, ಕುದಿನೀರಿನಲ್ಲಿ ಅದ್ದಿ ತೆಗೆದು, ತೊಟ್ಟಿಯ ನಲ್ಲಿಯಿಂದ ಒಣಮೀನಿನ ಸಾರು ಬಿಟ್ಟುಕೊಳ್ಳಬೇಕು. ಅದ್ದುವುದು ಬಿಸಿಯಾಗಲಿ ಎಂದಷ್ಟೇ. ಅಪ್ಪ ಜಾಲರಿಯನ್ನು ನೀರಲ್ಲೇ ಹಿಡಿದು ನಿಂತುಬಿಟ್ಟರು, ನಮ್ಮ ಅಂಗಡಿಯಲ್ಲಿ ನಿಲ್ಲುವ ಹಾಗೆ.

ಹಿಂದಿದ್ದ ಟ್ರಕ್ ಡ್ರೈವರ್ ಕೇಳಿದ: "ಏನ್ ಯಜಮಾನ್ರೇ, ಅದಕ್ಕೆ ಸ್ನಾನ ಮಾಡಿಸ್ತಿದೀರಾ?"

ಸಾಲೆಲ್ಲ ನಕ್ಕಿತು. ತೆಪ್ಪೈ ಮೆಲ್ಲಗೆ, "ಅಪ್ಪಾ, ಸಾಕು, ತೆಗೀರಿ" ಎಂದ.

"ನಂಗೆ ಹೇಳ್ಕೊಡ್ತೀಯೇನೋ? ನೀನು ಹುಟ್ಟೋಕೆ ಮುಂಚಿಂದ ಬೇಯಿಸ್ತಿದೀನಿ."

ಗದ್ದಲ ಕೇಳಿ ಹಿಟ್ಟಿನ ಕೈಯಲ್ಲೇ ಅಜ್ಜಿ ಬಂದಳು. ಜಾಲರಿಯೊಳಗೆ ಇಣುಕಿದಳು. "ಒಸಾಕಾದವ್ರು ತಾನೇ? ಅದನ್ನ ಇಲ್ಲಿ ಕೊಡಿ, ನಮ್ಮ ನಾಯಿಗಾಗುತ್ತೆ. ಅದಕ್ಕೂ ಹಲ್ಲಿಲ್ಲ."

"ಅಕ್ಕಾ, ನನ್ನ ಕತೆ ಮುಗೀತು" ಎಂದು ತೆಪ್ಪೈ ನನ್ನ ಕಿವಿಯಲ್ಲಿ ಉಸುರಿದ.

ಅಪ್ಪ ಜಾಲರಿ ಕೊಟ್ಟರು. ಅಜ್ಜಿ ಬೇರೆ ಎಳೆ ಹಾಕಿ, ಅದ್ದಿ, ಕೊಡವಿ, ಬಟ್ಟಲನ್ನು ಅವರ ಕೈಗಿತ್ತಳು. ಅಪ್ಪ ಹೊರಗೆ ಬಿಯರ್ ಪೆಟ್ಟಿಗೆಯ ಮೇಲೆ ಕೂತು ಸೊರ್ರನೆ ಎಳೆದುಕೊಂಡರು. ಅಗಿದರು. ಒಂದು ಎಳೆಯನ್ನು ಎತ್ತಿ ಬಿಸಿಲಿಗೆ ಹಿಡಿದರು. ಚಾಕುವಿನ ಅಂಚು ಇನ್ನೂ ಉಳಿದಿತ್ತು, ಮೈ ಹೊಳೆಯುತ್ತಿತ್ತು. ಎಳೆದರೆ ಹಿಗ್ಗುತ್ತಿತ್ತು, ತುಂಡಾಗುತ್ತಿರಲಿಲ್ಲ. ಸಾರಿನ ಕೊನೆಯ ಹನಿಯನ್ನೂ ಕುಡಿದು ಎದ್ದವರು ನೇರ ಹಿಟ್ಟಿನ ಕೋಣೆಗೆ ನಡೆದರು. ನಾವೂ ಹಿಂದೆ ಓಡಿದೆವು.

ಅಜ್ಜಿ ಚಾಪೆಯಲ್ಲಿ ಸುತ್ತಿದ ಹಿಟ್ಟಿನ ಮುದ್ದೆಯನ್ನು ಕಾಲಿನಿಂದ ತುಳಿಯುತ್ತಿದ್ದಳು. ಸಣಕಲು ಮೈ, ಆದರೂ ಒಂದೊಂದು ಹೆಜ್ಜೆಗೂ ಮುದ್ದೆ ಒಂದೇ ಸಮನಾಗಿ ಹರಡುತ್ತಿತ್ತು. ಅಪ್ಪ ಬಹಳ ಹೊತ್ತು ಆ ಪಾದಗಳನ್ನೇ ನೋಡಿದರು. ಆಮೇಲೆ, "ಇವನು ತುಳೀಲಿ, ನೋಡೋಣ" ಎಂದರು.

ತೆಪ್ಪೈ ಶೂ ಕಳಚಿ ಚಾಪೆ ಹತ್ತಿದ.

"ಹಿಮ್ಮಡಿ ಊರೋ! ಮಲಗಿರೋ ಮಗು ಪಕ್ಕ ನಡೀತಿದೀಯಾ?" ಎಂದು ಬೈದ ಅಪ್ಪ ತಡೆಯಲಾರದೆ ತಾವೇ ಶೂ ಬಿಚ್ಚಿ ಹತ್ತಿ ತುಳಿಯತೊಡಗಿದರು.

"ಈಗ ಯಾರನ್ನ ಇಟ್ಕೊಳ್ಳಲಿ?" ಎಂದಳು ಅಜ್ಜಿ. "ಮಗನ್ನೋ, ಅಪ್ಪನ್ನೋ?"

ಅಪ್ಪ ಕೆಳಗಿಳಿದರು. ಏದುಸಿರು ಬಿಡುತ್ತಿದ್ದರು. "ನೀವು ಮಾಡೋದು ನಂಗೆ ಬರಲ್ಲ. ಬರ್ಬೇಕು ಅನ್ನೋ ಆಸೆನೂ ಇರ್ಲಿಲ್ಲ, ಇವತ್ತಿನವರೆಗೂ." ಶೂ ಹಾಕಿಕೊಂಡು, ತಲೆ ಬಗ್ಗಿಸಿ ಹೇಳಿದರು: "ಇವನು ಬೆಳಿಗ್ಗೆ ಬೇಗ ಏಳಲ್ಲ. ಬೈದ್ರೆ ಸಾಲಲ್ಲ, ಒದೀರಿ."

ತೆಪ್ಪೈ ಅಪ್ಪನ ಮುಂದೆ ಸೊಂಟ ಮುರಿಯುವಷ್ಟು ಬಾಗಿದ.

"ನಂಗ್ಯಾಕೋ ಬಗ್ತೀಯ?" ಎಂದರು ಅಪ್ಪ. "ಅವರಿಗೆ ಬಗ್ಗು."